ನಾಯಿ ಸಾಸಿವೆ

ನಾಯಿ ಸಾಸಿವೆ ಮಳೆಗಾಲದ ಕಳೆ. ಸಾಮಾನ್ಯವಾಗಿ ಮೊಣಕಾಲಿನಿಂದ ಸೊಂಟದ ಎತ್ತರಕ್ಕೆ ಬೆಳೆಯುತ್ತದೆ, ನಾಲ್ಕೆಸಳಿನ ಹಳದಿ ಹೂ ಬಿಡುತ್ತದೆ, ಮುಟ್ಟಿದವರ ಕೈಗೆ ಅಂಟುತ್ತದೆ. ಬೀದರ ಜಿಲ್ಲೆಯ ರೈತಾಪಿ ಜನ ಅದನ್ನು ನೆನಪಿಟ್ಟುಕೊಂಡಿರುವುದು ಈ ಮೂರನೆಯ ಗುಣದಿಂದ. ಕಾಂಡ, ಎಲೆ, ಕಾಯಿ ಎಲ್ಲದರ ಮೇಲೂ ನವಿರು ರೋಮ; ರೋಮದ ತುದಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ಅಂಟಿನ ಹನಿ. ಸೋಯಾ ಸಾಲಿನಲ್ಲಿ ಮುಂಜಾನೆಯೆಲ್ಲ ಕಸ ತೆಗೆದವರ ಅಂಗೈ ಮಧ್ಯಾಹ್ನ ರೊಟ್ಟಿ ಗಂಟು ಬಿಚ್ಚುವ ಹೊತ್ತಿಗೆ ಕಪ್ಪು ಮೆತ್ತಿಕೊಂಡು ಬಿರುಸಾಗಿರುತ್ತದೆ. ತೊಳೆದರೆ ನೀರು ಜಾರಿ ಹೋಗುತ್ತದೆ, ಅಂಟು ಜಾರುವುದಿಲ್ಲ. ಜೊತೆಗೆ ಒಂದು ವಾಸನೆ. ಅದು ದುರ್ವಾಸನೆ ಎನ್ನುವಷ್ಟು ಕೆಟ್ಟದಲ್ಲ, ಸುವಾಸನೆ ಎಂದರೆ ಯಾರೂ ಒಪ್ಪುವುದಿಲ್ಲ. ಊಟ ಮುಗಿದ ಮೇಲೂ ಬೆರಳಲ್ಲಿ ಉಳಿಯುವುದು ಪಲ್ಯದ ವಾಸನೆಯಲ್ಲ, ಇದೇ.

ಈ ಅಂಟಿನ ತಾಪತ್ರಯ ಹೊಲಕ್ಕೆ ಹೋಗದವರನ್ನೂ ಬಿಟ್ಟಿಲ್ಲ. ಸಸ್ಯಶಾಸ್ತ್ರ ಓದುವ ಹುಡುಗರಿಗೆ ಗಿಡಗಳನ್ನು ಒಣಗಿಸಿ, ಹಾಳೆಗೆ ಹಚ್ಚಿ, ಹೆಸರು ಬರೆದು ಒಪ್ಪಿಸುವ ಒಂದು ಕೆಲಸವಿರುತ್ತದೆ. ಒಪ್ಪಿಸುವ ದಿನ ಹತ್ತಿರ ಬರುವವರೆಗೂ ಅದನ್ನು ಯಾರೂ ಮುಟ್ಟುವುದಿಲ್ಲ. ಕೊನೆಗೆ ಹಾಸ್ಟೆಲಿನ ಹಿಂದಿನ ಬಯಲಿಗೆ ಓಡಿದಾಗ ಮೊದಲು ಕೈಗೆ ಸಿಗುವುದು ನಾಯಿ ಸಾಸಿವೆ. ಅದನ್ನು ಹಳೆಯ ದಿನಪತ್ರಿಕೆಯ ನಡುವೆ ಇಟ್ಟು, ಮೇಲೆ ದಪ್ಪ ಪುಸ್ತಕ ಹೇರಿ, ವಾರದ ಮೇಲೆ ತೆಗೆದರೆ ಗಿಡವೂ ಪತ್ರಿಕೆಯೂ ಒಂದಾಗಿರುತ್ತವೆ. ಎಳೆದರೆ ಎಲೆ ಹರಿಯುತ್ತದೆ, ಇಲ್ಲವೇ ಕಾಗದ ಹರಿಯುತ್ತದೆ. ಹಾಗೂ ಹೀಗೂ ಬಿಡಿಸಿ ಹಾಳೆಗೆ ಹಚ್ಚಿದರೆ, ಕಾಂಡದ ಮೇಲೆ ನಿವೇಶನ ಮಾರಾಟದ ಜಾಹೀರಾತಿನ ಅರ್ಧ ಸಾಲು ತಿರುವುಮುರುವಾಗಿ ಕಾಣುತ್ತದೆ. ಅನುಭವಿ ಮೇಷ್ಟರು ಅದನ್ನು ಕಂಡೇ ಗಿಡದ ಹೆಸರು ಹೇಳಿಬಿಡುತ್ತಾರೆ. ಎಲೆ ಎಣಿಸುವ ತೊಂದರೆ ತೆಗೆದುಕೊಳ್ಳುವುದಿಲ್ಲ.

ಆ ಜಾಹೀರಾತಿಗೂ ಗಿಡಕ್ಕೂ ಬೇರೆ ನಂಟೂ ಉಂಟು. ಬೀದರ ನಗರದ ಸುತ್ತ ಹೊಲಗಳನ್ನು ಪ್ಲಾಟು ಮಾಡಿ, ಮೂಲೆಗೆ ಕಲ್ಲು ನೆಟ್ಟು, ಬಣ್ಣ ಬಳಿದು ಬಿಟ್ಟಿರುವ ಜಾಗಗಳು ಬೇಕಾದಷ್ಟಿವೆ. ಕೊಂಡವರು ಬೆಲೆ ಏರಲಿ ಎಂದು ಕಾಯುತ್ತಿರುತ್ತಾರೆ. ಕಾಯುವಷ್ಟು ಕಾಲವೂ ಆ ಪ್ಲಾಟುಗಳಲ್ಲಿ ಸಂಸಾರ ಮಾಡುವುದು ನಾಯಿ ಸಾಸಿವೆ, ಪಾರ್ಥೇನಿಯಂ, ತಂಗಡಿ. ನಗರ ಕೂತಿರುವುದು ಜಂಬಿಟ್ಟಿಗೆಯ ದಿಬ್ಬದ ಮೇಲೆ. ಬಹಮನಿ ಸುಲ್ತಾನ ಅಹಮದ್ ಷಾ ಕಲಬುರಗಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದಾಗ ಕೋಟೆಯ ಮೂರು ಸಾಲಿನ ಕಂದಕವನ್ನು ಕಡಿದದ್ದೂ ಈ ಕೆಂಪು ಕಲ್ಲಿನಲ್ಲೇ. ಜಂಬಿಟ್ಟಿಗೆ ನೀರನ್ನು ಹೆಚ್ಚು ಹೊತ್ತು ಹಿಡಿಯುವುದಿಲ್ಲ. ಮಳೆ ನಿಂತ ಮರುದಿನವೇ ಮೇಲ್ಮಣ್ಣು ಒಣಗುತ್ತದೆ. ಅಂಥಲ್ಲಿ ನಾಯಿ ಸಾಸಿವೆ ಗೇಣುದ್ದ ಬೆಳೆದು, ಅವಸರದಲ್ಲಿ ನಾಲ್ಕು ಹೂ ಬಿಟ್ಟು, ಎರಡು ಕಾಯಿ ಕಟ್ಟಿ ಮುಗಿಸುತ್ತದೆ. ಭಾಲ್ಕಿ ದಾರಿ ಹಿಡಿದು ದಿಬ್ಬ ಇಳಿದಂತೆ ಮಣ್ಣಿನ ಬಣ್ಣ ತಿರುಗುತ್ತದೆ. ಕಾರಂಜಾ, ಮಾಂಜ್ರಾ ನದಿಗಳ ಬಯಲಿಗೂ ಮುಂದೆ ಔರಾದ ಕಡೆಗೂ ಹೋದರೆ ಕಪ್ಪು ಎರೆ. ಆ ಎರೆಯ ಹೊಲದಲ್ಲಿ ಗಿಡದ ನಡತೆಯೇ ಬೇರೆ. ಕಾಂಡ ಬೆರಳು ಗಾತ್ರ, ಕವಲು ಹತ್ತಾರು, ಎತ್ತರ ಆಳಿನ ಎದೆಯ ಹತ್ತಿರ. ಕರ್ನಾಟಕದ ಭೂಪಟದಲ್ಲಿ ಎಲ್ಲಕ್ಕಿಂತ ಮೇಲಿರುವ ತಾಲೂಕು ಔರಾದ. ಭೂಪಟ ನೋಡುವವರ ಕಣ್ಣು ಅಲ್ಲಿಗೆ ಕೊನೆಗೆ ಹೋಗುತ್ತದೆ, ಕಳೆಗಳು ಮೊದಲು ಹೋಗಿವೆ.

ಗಿಡದ ಆಯುಷ್ಯವನ್ನು ತಿಂಗಳ ಲೆಕ್ಕದಲ್ಲಿ ಹೇಳುವುದಕ್ಕಿಂತ ಮಳೆಯ ಲೆಕ್ಕದಲ್ಲಿ ಹೇಳುವುದು ಸುಲಭ. ಆ ಸೀಮೆಯಲ್ಲಿ ಹಾಗೆಯೇ ಹೇಳುತ್ತಾರೆ. ಜೂನ್ ಮೊದಲ ವಾರದಲ್ಲಿ ಕೂಡುವ ಮಿರಗದ ಮಳೆ ಚೆನ್ನಾಗಿ ಬಿದ್ದರೆ ಹೆಸರು, ಉದ್ದು, ಸೋಯಾ, ತೊಗರಿಯ ಬಿತ್ತನೆ. ಬಿತ್ತಿದ ಕಾಳು ಮೊಳೆಯುವ ಹೊತ್ತಿಗೇ ಬಿತ್ತದ್ದೂ ಮೊಳೆತಿರುತ್ತದೆ. ಆರಿದ್ರಾದಲ್ಲಿ ನಾಯಿ ಸಾಸಿವೆ ಮೂರು ಎಲೆಯ ಸಸಿ. ಬುಡದ ಎಲೆಗಳು ಐದು ಬೆರಳಿನ ಅಂಗೈಯಂತೆ ಐದಾಗಿ ಸೀಳಿರುತ್ತವೆ, ಮೇಲಕ್ಕೆ ಹೋದಂತೆ ಮೂರಾಗುತ್ತವೆ. ಪುಷ್ಯ, ಆಶ್ಲೇಷದ ಹೊತ್ತಿಗೆ, ಅಂದರೆ ಪಂಚಮಿಯ ಜೋಕಾಲಿ ಕಟ್ಟುವ ಕಾಲಕ್ಕೆ, ಹೂ. ಮಘೆಯಲ್ಲಿ ಕೆಳಗೆ ಕಾಯಿ, ಮೇಲೆ ಹೂ, ತುದಿಯಲ್ಲಿ ಇನ್ನೂ ಮೊಗ್ಗು. ಮೂರೂ ಒಂದೇ ಗಿಡದಲ್ಲಿ. ಹುಬ್ಬಿ, ಉತ್ತರಿಯಲ್ಲಿ ಕೆಳಗಿನ ಕಾಯಿ ಒಣಗಿ ಬಾಯಿ ಬಿಡುತ್ತದೆ. ಉದ್ದು, ಹೆಸರಿನ ರಾಶಿ ಮುಗಿಸಿ ರೈತ ಹೊಲ ಖಾಲಿಯಾಯಿತು ಎಂದುಕೊಳ್ಳುವ ವೇಳೆಗೆ ಮುಂದಿನ ವರ್ಷದ ಕಸದ ಬಿತ್ತನೆ ಮುಗಿದಿರುತ್ತದೆ. ಹೊಸ ಬೀಜ ಕೂಡಲೇ ಮೊಳೆಯುವುದೂ ಕಡಿಮೆ. ಮಣ್ಣಿನಲ್ಲಿ ತಿಂಗಳುಗಟ್ಟಲೆ ಸುಮ್ಮನೆ ಕೂತು, ಬೇಸಗೆಯ ಬಿಸಿ ಉಂಡು, ನೀರು ಕುಡಿದ ಮೇಲೆಯೇ ಏಳುತ್ತದೆ.

ಹೂವನ್ನು ಹತ್ತಿರದಿಂದ ನೋಡಬೇಕಾದರೆ ಮುಂಜಾನೆ ಹೋಗಬೇಕು. ಬಿಸಿಲು ಬಲಿತ ಮೇಲೆ ಎಸಳು ಸೊರಗುತ್ತವೆ. ಉಗುರಿನಗಲದ ನಾಲ್ಕು ಎಸಳು. ಸಾಸಿವೆಯ ಹೂವಿನಲ್ಲಿ ನಾಲ್ಕೆಸಳು ನಾಲ್ಕು ದಿಕ್ಕಿಗೆ ಶಿಲುಬೆಯಂತೆ ಹರಡಿರುತ್ತವೆ. ಇದರಲ್ಲಿ ನಾಲ್ಕೂ ಒಂದೇ ಕಡೆಗೆ, ಮೇಲಕ್ಕೆ ವಾಲಿರುತ್ತವೆ. ಎಸಳಿನ ಬುಡದಲ್ಲಿ ಕೆಲವು ಗಿಡಗಳಲ್ಲಿ ನೇರಳೆ ಛಾಯೆ. ನಡುವೆ ಕೇಸರಗಳ ಗೊಂಚಲು. ಇಲ್ಲೇ ಗುಟ್ಟು ಬಯಲಾಗುವುದು. ಸಾಸಿವೆಯ ಹೂವಿಗೆ ಕೇಸರಗಳು 6, ಅದರಲ್ಲಿ 4 ಉದ್ದ, 2 ಗಿಡ್ಡ. ಈ ಲೆಕ್ಕ ಅದರ ಇಡೀ ಕುಟುಂಬದಲ್ಲಿ ತಪ್ಪುವುದು ಅಪರೂಪ. ನಾಯಿ ಸಾಸಿವೆಯಲ್ಲಿ ಕೇಸರಗಳು ಹತ್ತೂ ಇರಬಹುದು, ಇಪ್ಪತ್ತೂ ಇರಬಹುದು. ಒಂದೇ ಗಿಡದ ಎರಡು ಹೂವಿನ ಲೆಕ್ಕವೂ ಹೊಂದಬೇಕೆಂದಿಲ್ಲ. ಕಾಯಿಯಲ್ಲೂ ಇಂಥದೇ ವ್ಯತ್ಯಾಸ. ಎರಡೂ ಸಣ್ಣಗೆ ಉದ್ದಕ್ಕೆ ಇರುತ್ತವೆ, ದೂರಕ್ಕೆ ಒಂದೇ ಅನ್ನಿಸುತ್ತವೆ. ಸಾಸಿವೆಯ ಕಾಯಿ ನುಣುಪು. ಬಿಡಿಸಿದರೆ ನಡುವೆ ತೆಳ್ಳನೆಯ ಪೊರೆಯ ಗೋಡೆ. ನಾಯಿ ಸಾಸಿವೆಯ ಕಾಯಿ ಅಂಟಂಟು, ಮೈತುಂಬ ಉದ್ದ ಗೀರು, ಒಳಗೆ ಗೋಡೆ ಇಲ್ಲ. ಒಣಗಿದಾಗ ತುದಿಯಿಂದ ಕೆಳಮುಖವಾಗಿ ಸೀಳುತ್ತದೆ. ಸಾಸಿವೆಯ ಕಾಳು ಉರುಟು, ನುಣ್ಣಗೆ. ಇದರ ಕಾಳು ಚಪ್ಪಟೆ, ಕಂದು, ಮೈಮೇಲೆ ಅಡ್ಡಡ್ಡ ಏಣು. ಎರಡನ್ನೂ ಅಂಗೈಯಲ್ಲಿಟ್ಟು ಕೈ ಓರೆ ಮಾಡಿದರೆ ಸಾಸಿವೆ ಉರುಳಿ ಹೋಗುತ್ತದೆ, ನಾಯಿ ಸಾಸಿವೆ ಅಲ್ಲೇ ಕೂತಿರುತ್ತದೆ.

ಇಷ್ಟೆಲ್ಲ ವ್ಯತ್ಯಾಸ ಇದ್ದರೂ ಎರಡನ್ನೂ ಒಂದೇ ಎಂದುಕೊಳ್ಳುವವರಿಗೆ ಕೊರತೆಯಿಲ್ಲ. ತಪ್ಪು ಅವರದಲ್ಲ. ಸಾಸಿವೆಯ ಗಿಡ ಹೇಗಿರುತ್ತದೆ ಎಂದು ಕಂಡ ಕನ್ನಡಿಗರು ಕಡಿಮೆ. ಒಗ್ಗರಣೆಯ ಡಬ್ಬಿಯ ಮೊದಲ ಬಟ್ಟಲು ಅದಕ್ಕೆ ಮೀಸಲು, ಆದರೆ ಆ ಕಾಳು ಬಹುಮಟ್ಟಿಗೆ ಬರುವುದು ಉತ್ತರದಿಂದ. ದೇಶದಲ್ಲಿ ಸಾಸಿವೆಯನ್ನು ಹೆಚ್ಚು ಬೆಳೆಯುವ ರಾಜ್ಯ ರಾಜಸ್ಥಾನ. ಅದು ತಂಪಿನ ಬೆಳೆ, ಹಿಂಗಾರಿನದು. ಬೀದರ ಸೀಮೆಯಲ್ಲಿ ಯಾರೋ ಕಡಲೆಯ ಸಾಲಿನಲ್ಲೋ ಗೋಧಿಯ ಬದುವಿನಲ್ಲೋ ಮನೆ ಖರ್ಚಿಗೆ ನಾಲ್ಕು ಸಾಲು ಹಾಕಿದರೆ ಉಂಟು. ಮಿಕ್ಕವರಿಗೆ ಸಾಸಿವೆಯ ಹೊಲ ಎಂದರೆ 1995ರ ‘ದಿಲ್‌ವಾಲೆ ದುಲ್ಹನಿಯಾ ಲೇ ಜಾಯೇಂಗೆ’ ಚಿತ್ರದ ಹಳದಿ ಬಯಲು, ಅದರ ನಡುವೆ ಮ್ಯಾಂಡೊಲಿನ್ ಹಿಡಿದು ನಿಂತ ನಾಯಕ. ನಗರದ ಗಾಂಧಿ ಗಂಜಿನಲ್ಲಿ ಮೂಟೆಗಟ್ಟಲೆ ಕಾಳು ತೂಗುವವರಿಗೂ ಗಿಡ ಗೊತ್ತಿರಬೇಕೆಂಬ ನಿಯಮವಿಲ್ಲ.

ಪಟ್ಟಣದಲ್ಲಿ ಬೆಳೆದು ಹಳ್ಳಿಗೆ ಕೊಟ್ಟ ಹೆಣ್ಣುಮಗಳು ಮೊದಲ ಮಳೆಗಾಲ ಹೊಲಕ್ಕೆ ಹೋದಾಗ ನಡೆಯುವ ಮಾತು ಆ ಕಡೆ ಬಹಳ ಮನೆಗಳಲ್ಲಿ ಹೆಚ್ಚುಕಡಿಮೆ ಒಂದೇ. ಖುರ್ಪಿ ಹಿಡಿದು ಸಾಲು ಹಿಡಿದ ಸೊಸೆ ಎಲ್ಲ ಕಸ ಕಿತ್ತು, ಹಳದಿ ಹೂವಿನ ಗಿಡಗಳನ್ನು ಮಾತ್ರ ಜೋಪಾನವಾಗಿ ಬಿಟ್ಟಿರುತ್ತಾಳೆ. ಹಿಂದಿನಿಂದ ಬಂದ ಅತ್ತೆ ನಿಂತು ನೋಡುತ್ತಾಳೆ.

“ಇದ್ಯಾಕ ಬಿಟ್ಟೀದಿ?”

“ಸಾಸ್ವಿ ಅಲ್ಲೇನ್ರಿ ಅತ್ತಿ?”

“ಕಿತ್ತು ಕೈ ಮೂಸಿ ನೋಡವ್ವ.”

ಇದಕ್ಕಿಂತ ಚಿಕ್ಕದಾದ ಸಸ್ಯಶಾಸ್ತ್ರದ ಪಾಠ ಯಾವ ಪಠ್ಯಪುಸ್ತಕದಲ್ಲೂ ಇಲ್ಲ. ಕೇಸರ ಎಣಿಸುವುದು, ಕಾಯಿ ಸೀಳುವುದು, ಭೂತಗನ್ನಡಿ ಯಾವುದೂ ಬೇಡ, ಮೂಗೊಂದಿದ್ದರೆ ಸಾಕು. ಪಾಠ ಮರೆಯುವುದೂ ಇಲ್ಲ, ಏಕೆಂದರೆ ಸಂಜೆಯವರೆಗೆ ಕೈಯಲ್ಲೇ ಇರುತ್ತದೆ. ಇಂಥ ಗಿಡಗಳ ಬಗ್ಗೆ ಪ್ರಬಂಧ ಬರೆಯುವ ಜಾತಿಯವರು ಸಾಮಾನ್ಯವಾಗಿ ಬದುವಿನ ಮೇಲೆ ನಿಂತು, ಬೂಟಿಗೆ ಎರೆ ಹತ್ತದ ಹಾಗೆ ನೋಡಿಕೊಂಡು, ಹೂವಿನ ಬಣ್ಣ ಎಷ್ಟು ಚಂದ ಎಂದು ಬರೆದುಕೊಳ್ಳುತ್ತಾರೆ. ಅಂಟಿನ ಸುದ್ದಿ ಅವರ ಬರಹದಲ್ಲಿ ಬರುವುದು ಬೇರೆಯವರು ಹೇಳಿದ ಮೇಲೆ.

ಶಾಸ್ತ್ರದ ದಾಖಲೆಯಲ್ಲಿ ಈ ಗಿಡಕ್ಕೆ ಹೆಸರು ಬಿದ್ದು ಬಹಳ ಕಾಲವಾಯಿತು. 17ನೆಯ ಶತಮಾನದ ಕೊನೆಯಲ್ಲಿ ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್ ಹೊರತಂದ ‘ಹೋರ್ಟಸ್ ಮಲಬಾರಿಕಸ್’ ಸಂಪುಟಗಳಲ್ಲಿ ಮಲಯಾಳದ ಅರಿಯವೀಳ ಎಂಬ ಹೆಸರಿನಲ್ಲಿ ಇದರ ಚಿತ್ರ ಬಂತು. 1753ರಲ್ಲಿ ಲಿನಿಯಸ್ ಕ್ಲಿಯೋಮ್ ವಿಸ್ಕೋಸಾ ಎಂದು ಕರೆದ. ಜಗತ್ತಿನ ಸಾವಿರಾರು ಗಿಡಗಳಿಗೆ ಹೆಸರಿಟ್ಟ ಆತ ಬಹುಮಟ್ಟಿಗೆ ಒಣಗಿದ ಗಿಡ ಮತ್ತು ಪುಸ್ತಕದ ಚಿತ್ರಗಳಿಂದ ಕೆಲಸ ಮಾಡಿದವನು. ಆದರೂ ಹೆಸರಿನ ಎರಡನೆಯ ಪದದಲ್ಲಿ ಅಂಟನ್ನೇ ಹಿಡಿದಿದ್ದಾನೆ. 1838ರಲ್ಲಿ ರಫಿನೆಸ್ಕ್ ಎಂಬ ಪಂಡಿತ ಇದನ್ನು ಬೇರೆ ಜಾತಿಯಾಗಿ ಒಡೆದು, ಮಲಯಾಳದ ಹೆಸರನ್ನೇ ಲ್ಯಾಟಿನ್ ಮಾಡಿ ಅರಿವೇಲ ಎಂದ. ಈಗಿನ ಪುಸ್ತಕಗಳಲ್ಲಿ ಎರಡೂ ಹೆಸರು ಓಡಾಡುತ್ತವೆ.

ಹೆಸರಿಗಿಂತ ತಾಪತ್ರಯದ್ದು ಕುಟುಂಬದ ಪ್ರಶ್ನೆ. ಹಳೆಯ ಪಠ್ಯಗಳಲ್ಲಿ ನಾಯಿ ಸಾಸಿವೆ ಇದ್ದದ್ದು ಕಪ್ಪಾರಿಸ್ ಕುಟುಂಬದಲ್ಲಿ. ಬೇಲಿಯಲ್ಲಿ ಬೆಳೆಯುವ ಮುಳ್ಳುಗಿಡ ಕತ್ತರಿ, ಒಣ ಸೀಮೆಯ ನಿಪ್ಪಟಿಗ ಇವೆಲ್ಲ ಆ ಮನೆಯವು. 1998ರಲ್ಲಿ ಹೂಗಿಡಗಳ ವಂಶಾವಳಿಯನ್ನು ಡಿಎನ್‌ಎ ಆಧಾರದಲ್ಲಿ ಮತ್ತೆ ಬರೆದಾಗ ಎಲ್ಲವನ್ನೂ ಒಟ್ಟು ಮಾಡಿ ಸಾಸಿವೆಯ ಕುಟುಂಬಕ್ಕೆ ಸೇರಿಸಿದರು. ಹಾಗೆ ಕೆಲವು ವರ್ಷ ನಾಯಿ ಸಾಸಿವೆ ಅಧಿಕೃತವಾಗಿಯೇ ಸಾಸಿವೆಯಾಗಿತ್ತು. 2009ರ ಪರಿಷ್ಕರಣೆಯಲ್ಲಿ ಮತ್ತೆ ಪಾಲು: ಕಪ್ಪಾರಿಸ್ ಒಂದು ಮನೆ, ಸಾಸಿವೆ ಒಂದು ಮನೆ, ನಾಯಿ ಸಾಸಿವೆಯ ಬಳಗಕ್ಕೆ ಕ್ಲಿಯೋಮೇಸೀ ಎಂಬ ಮೂರನೆಯ ಮನೆ. ಡಿಎನ್‌ಎ ಹೇಳಿದ ಇನ್ನೊಂದು ಸಂಗತಿ ಏನೆಂದರೆ ಹಳೆಯ ಮನೆಯ ಕತ್ತರಿಗಿಂತ ಸಾಸಿವೆಗೇ ಇದು ಹತ್ತಿರದ ರಕ್ತಸಂಬಂಧಿ. ಹೊಲದ ಜನ ಹೂ ನೋಡಿ ಕಟ್ಟಿದ ನಂಟು ಪೂರ್ತಿ ಸುಳ್ಳಲ್ಲ. ಅಕ್ಕತಂಗಿಯಲ್ಲದಿದ್ದರೂ ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳು.

ಬೀದರದವರಿಗೆ ಇಂಥ ಪಾಲುಪಾರಿಕತ್ತು ಹೊಸದಲ್ಲ. ಹೈದರಾಬಾದ್ ರಾಜ್ಯ ಇದ್ದಾಗ ಉದಗೀರ, ನಿಲಂಗಾ, ಅಹ್ಮದಪುರ, ಜಹೀರಾಬಾದ್, ನಾರಾಯಣಖೇಡಗಳೂ ಬೀದರ ಜಿಲ್ಲೆಯವೇ. 1956ರ ನವೆಂಬರ್ 1ರಂದು ಮೊದಲ ಮೂರು ಮುಂಬೈ ರಾಜ್ಯಕ್ಕೆ, ಕೊನೆಯ ಎರಡು ಆಂಧ್ರಕ್ಕೆ ಹೋದವು. ಬೀದರ, ಭಾಲ್ಕಿ, ಹುಮನಾಬಾದ್, ಔರಾದ ಮೈಸೂರಿಗೆ ಬಂದವು. ಬೀಗರು ಆ ಕಡೆ, ಹೊಲ ಈ ಕಡೆ. ಇವತ್ತಿಗೂ ಔರಾದ ಬಸ್ಸಿನಲ್ಲಿ ಟಿಕೆಟ್ಟು ಕೇಳುವುದು ಒಂದು ಭಾಷೆಯಲ್ಲಿ, ಚಿಲ್ಲರೆಗೆ ಜಗಳ ಇನ್ನೊಂದರಲ್ಲಿ. ಹಾಗಾಗಿ ಗಿಡಕ್ಕೂ ಮರಾಠಿಯಲ್ಲಿ ಪಿವಳಿ ತಿಳವಣ, ತೆಲುಗಿನಲ್ಲಿ ಕುಕ್ಕ ವಾಮಿಂಟ, ಉರ್ದು ಹಿಂದಿಯವರಲ್ಲಿ ಹುಲ್‌ಹುಲ್. ಎಲ್ಲ ಹೆಸರುಗಳೂ ಒಂದೇ ಸಂತೆಯಲ್ಲಿ ಚಲಾವಣೆಯಲ್ಲಿವೆ. ಭಾಲ್ಕಿಯಲ್ಲಂತೂ ಹೊರಗಿನ ಫಲಕವನ್ನೊಂದೇ ನಂಬುವ ಅಭ್ಯಾಸ ಯಾರಿಗೂ ಇರಲಾರದು. ನಿಜಾಮರ ಕಾಲದಲ್ಲಿ ಅಲ್ಲಿನ ಹಿರೇಮಠದ ಚನ್ನಬಸವ ಪಟ್ಟದೇವರು ಶಾಲೆಯ ಹೊರಗೆ ಉರ್ದು ಫಲಕ ಹಾಕಿಸಿ ಒಳಗೆ ಕನ್ನಡ ಕಲಿಸಿದರು ಎಂಬುದನ್ನು ಆ ಊರಿನ ಮಕ್ಕಳು ಸಣ್ಣವರಿದ್ದಾಗಿನಿಂದ ಕೇಳಿರುತ್ತಾರೆ.

ಸಾಸಿವೆಯ ಜೊತೆ ಇದರ ನಂಟು ರಸದಲ್ಲೂ ಇದೆ. ಸಾಸಿವೆಯ ಖಾರ ಕಾಳಿನೊಳಗೆ ಸಿದ್ಧವಾಗಿ ಇರುವುದಿಲ್ಲ. ಗ್ಲುಕೋಸಿನೊಲೇಟ್ ಎಂಬ ಗಂಧಕದ ಸಂಯುಕ್ತ ಒಂದು ಕಡೆ, ಅದನ್ನು ಒಡೆಯುವ ಕಿಣ್ವ ಇನ್ನೊಂದು ಕಡೆ ಬೇರೆ ಬೇರೆ ಇರುತ್ತವೆ. ಕಾಳನ್ನು ನೀರು ಹಾಕಿ ಅರೆದಾಗ ಎರಡೂ ಕೂಡಿ, ಮೂಗಿಗೆ ಏರುವ ಘಾಟು ಹುಟ್ಟುತ್ತದೆ. ಕಾದ ಎಣ್ಣೆಗೆ ಹಾಕಿದರೆ ಕಿಣ್ವ ಮೊದಲೇ ಸುಟ್ಟು ಹೋಗುವುದರಿಂದ ಘಾಟು ಹುಟ್ಟುವುದೇ ಇಲ್ಲ. ಉಪ್ಪಿನಕಾಯಿಯ ಸಾಸಿವೆ ಕಣ್ಣಲ್ಲಿ ನೀರು ತರಿಸಿ, ಒಗ್ಗರಣೆಯ ಸಾಸಿವೆ ಸುಮ್ಮನಿರುವುದು ಇದೇ ಕಾರಣಕ್ಕೆ. ನಾಯಿ ಸಾಸಿವೆಯಲ್ಲೂ ಇದೇ ಏರ್ಪಾಡು. ಸಂಯುಕ್ತದ ಬಗೆ ಮಾತ್ರ ಬೇರೆ. ಗಿಡ ಈ ಖಾರವನ್ನು ಕೂಡಿಟ್ಟಿರುವುದು ಮೇಯುವ ಬಾಯಿಗಳನ್ನು ಹೆದರಿಸಲು. ದನಗಳು ಸಾಮಾನ್ಯವಾಗಿ ಇದರ ತಂಟೆಗೆ ಹೋಗುವುದಿಲ್ಲ. ಬೀದರ, ಲಾತೂರು, ನಾಂದೇಡ ಸೀಮೆಯ ದೇವಣಿ ತಳಿಯ ಹಸು, ಬದುವಿನ ಹುಲ್ಲನ್ನು ನೆಲಕ್ಕೆ ಸಮ ಮಾಡುವಂಥದು, ನಾಯಿ ಸಾಸಿವೆಯ ಬುಡದವರೆಗೆ ಮೇದು ಗಿಡವನ್ನು ಹಾಗೇ ಬಿಟ್ಟು ಮುಂದೆ ಹೋಗುತ್ತದೆ. ಬಿಳಿ ಚಿಟ್ಟೆಗಳ ಬಳಗಕ್ಕೆ ಮಾತ್ರ ಈ ಖಾರ ಆಗುತ್ತದೆ. ಎಲೆಕೋಸು, ಸಾಸಿವೆ, ಕತ್ತರಿ, ನಾಯಿ ಸಾಸಿವೆಗಳ ಮೇಲೆ ಮೊಟ್ಟೆಯಿಡುವವು ಹೆಚ್ಚಾಗಿ ಅದೇ ಬಳಗದವು. ಪಂಡಿತರು ಹನ್ನೊಂದು ವರ್ಷ ಚರ್ಚಿಸಿದ ನಂಟು ಚಿಟ್ಟೆಗೆ ಕಾಲಿನಿಂದ ಮುಟ್ಟಿದರೆ ತಿಳಿಯುತ್ತದೆ.

ಸಾಸಿವೆಯ ಸೋಗು ಹಾಕುವ ಇನ್ನೊಂದು ಹಳದಿ ಹೂವಿನ ಗಿಡದ ಮಾತನ್ನು ಇಲ್ಲೇ ಹೇಳಬೇಕು, ಏಕೆಂದರೆ ಅಪಾಯ ಇರುವುದು ಅದರಲ್ಲಿ. ಅರಿಸಿನ ಉಮ್ಮತ್ತಿ, ಶಾಸ್ತ್ರದ ಹೆಸರು ಆರ್ಜಿಮೋನ್ ಮೆಕ್ಸಿಕಾನ. ಮೆಕ್ಸಿಕೋ ಕಡೆಯಿಂದ ಬಂದು ದಖ್ಖನಿನ ರಸ್ತೆಬದಿಗಳನ್ನೆಲ್ಲ ಹಿಡಿದಿದೆ. ಎಲೆಗೆ ಮುಳ್ಳು, ಮುರಿದರೆ ಹಳದಿ ಹಾಲು. ಸಾಸಿವೆಗೂ ಇದಕ್ಕೂ ಸಂಬಂಧವಿಲ್ಲ, ಅಫೀಮಿನ ಮನೆತನ. ಬೀಜ ಮಾತ್ರ ಕಪ್ಪಗೆ, ದುಂಡಗೆ, ಸಾಸಿವೆಯನ್ನು ನಾಚಿಸುವಂತಿರುತ್ತದೆ. ಈ ಬೀಜದ ಎಣ್ಣೆ ಸಾಸಿವೆ ಎಣ್ಣೆಗೆ ಬೆರೆತರೆ ಕಾಲು ಬಾತು, ಉಸಿರು ಕಟ್ಟಿ, ಹೃದಯ ಸೋಲುವ ಕಾಯಿಲೆ ಬರುತ್ತದೆ. 1998ರ ಆಗಸ್ಟಿನಲ್ಲಿ ದೆಹಲಿಯಲ್ಲಿ ಅರವತ್ತಕ್ಕೂ ಹೆಚ್ಚು ಜನ ಹೀಗೆ ಸತ್ತರು. ಕನ್ನಡದ ಅಡುಗೆ ಸಾಸಿವೆಯ ಕಾಳನ್ನು ಬಳಸುತ್ತದೆ, ಎಣ್ಣೆಗೆ ಕುಸುಬೆ, ಶೇಂಗಾ ಹಿಡಿಯುತ್ತದೆ. ಆ ಕಾರಣಕ್ಕೆ ಈ ಪೀಡೆ ಇಲ್ಲಿ ಅಷ್ಟು ಕಾಡಿಲ್ಲ. ಹೆಸರಿನಲ್ಲಿ ನಾಯಿಯನ್ನು ಹೊತ್ತ ಗಿಡದ ಬೀಜ ನಿರುಪದ್ರವಿ, ಅರಿಸಿನವನ್ನು ಹೊತ್ತದ್ದು ವಿಷ.

ನಾಯಿ ಸಾಸಿವೆಗೆ ಸ್ವಂತ ಮನೆಯಲ್ಲೇ ಬಿಳಿ ಹೂವಿನ ಅಕ್ಕ ಒಬ್ಬಳಿದ್ದಾಳೆ. ತೆಲುಗರ ವಾಮಿಂಟ, ಮರಾಠಿಗರ ತಿಳವಣ. ಕೇಸರಗಳು ಬೆಕ್ಕಿನ ಮೀಸೆಯಂತೆ ಹೊರಚಾಚಿರುತ್ತವೆ. ಆಫ್ರಿಕದ ಹಲವು ದೇಶಗಳಲ್ಲಿ ಅದು ಸಂತೆಯಲ್ಲಿ ಮಾರುವ ಸೊಪ್ಪು. ತೆಲಂಗಾಣದ ಮನೆಗಳಲ್ಲೂ ಬೇಯಿಸುತ್ತಾರೆ. ವಿಜ್ಞಾನಿಗಳಿಗೆ ಅದರ ಮೇಲೆ ವಿಶೇಷ ಕಣ್ಣು. ಜೋಳ, ಕಬ್ಬಿನಂತೆ ಬಿಸಿಲನ್ನು ಹೆಚ್ಚು ಬಿಗಿಯಾಗಿ ಬಳಸಿಕೊಳ್ಳುವ ವಿಧಾನ ಅದಕ್ಕೆ ಗೊತ್ತು, ಆ ವಿಧಾನವನ್ನು ಭತ್ತಕ್ಕೆ ಕಲಿಸಲಾದೀತೆ ಎಂಬ ಪ್ರಯತ್ನ ನಡೆದಿದೆ. ಹಳದಿ ತಂಗಿಗೆ ಆ ವಿದ್ಯೆ ಬರುವುದಿಲ್ಲ.

ಹೊಲದಲ್ಲಿ ಇದನ್ನು ನಿಭಾಯಿಸುವ ಕ್ರಮ ಎರಡು ಮೂರು ದಶಕಗಳಲ್ಲಿ ಬಹಳ ಬದಲಾಗಿದೆ. ಮೊದಲು ಎತ್ತಿನ ಎಡೆಕುಂಟೆ ಸಾಲಿನ ನಡುವಿನ ಕಸ ಹೆರೆಯುತ್ತಿತ್ತು, ಸಾಲಿನೊಳಗಿನದನ್ನು ಹೆಣ್ಣಾಳುಗಳು ಕೂತು ಖುರ್ಪಿಯಿಂದ ತೆಗೆಯುತ್ತಿದ್ದರು. ಸೋಯಾ ಹೆಚ್ಚಿದಂತೆ, ಆಳು ಕಡಿಮೆಯಾದಂತೆ, ಬೆನ್ನಿಗೆ ಡಬ್ಬಿ ಕಟ್ಟಿ ಕಸದ ಎಣ್ಣಿ, ಅಂದರೆ ಕಳೆನಾಶಕ, ಹೊಡೆಯುವುದು ರೂಢಿಯಾಯಿತು. ಎಣ್ಣಿ ಸಣ್ಣ ಸಸಿಗೆ ನಾಟುತ್ತದೆ. ಬಲಿತ ಗಿಡ ಬಾಡಿದ ಹಾಗೆ ಮಾಡಿ, ಬುಡದಿಂದ ಇನ್ನೊಂದು ಕವಲು ತೆಗೆಯುವುದೂ ಉಂಟು. ಹಾಗಾಗಿ ಎಣ್ಣಿ ಹೊಡೆದ ಹೊಲಕ್ಕೂ ಒಮ್ಮೆ ಕೈಯಾಡಿಸಲೇಬೇಕು. ಕೈಯಿಂದ ತೆಗೆಯುವವರ ಕಣ್ಣು ಮಾತಿಗೆ, ನಗೆಗೆ, ಅತ್ತೆ ಮನೆಯ ಸುದ್ದಿಗೆ ಮೀಸಲಾಗಿದ್ದು, ಸೋಯಾ ಸಸಿಯನ್ನು ಬಿಟ್ಟು ಕಸವನ್ನೇ ಹಿಡಿಯುವುದು ಬೆರಳು. ನುಣುಪಾದದ್ದು ಉಳಿಯುತ್ತದೆ, ಅಂಟುವುದು ಹೋಗುತ್ತದೆ.

ಬೀದರದಲ್ಲಿ ಹೀಗೆ ಕಣ್ಣನ್ನು ನೆಚ್ಚದ ವಿದ್ಯೆ ಇನ್ನೂ ಒಂದಿದೆ. ಬಿದ್ರಿ ಕೆಲಸದವರು ಸತು ತಾಮ್ರದ ಪಾತ್ರೆಗೆ ಬೆಳ್ಳಿ ಕೂರಿಸಿದ ಮೇಲೆ, ಕೋಟೆಯ ಹಳೆಯ ಮಣ್ಣನ್ನೂ ನವಸಾಗರವನ್ನೂ ನೀರಿಗೆ ಹಾಕಿ ಕಾಸಿ ಪಾತ್ರೆಯನ್ನು ಅದರಲ್ಲಿ ಅದ್ದುತ್ತಾರೆ. ಸತು ಕಡುಗಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಮಳೆಬಿಸಿಲು ಕಾಣದ ಜಾಗದ ಮಣ್ಣು ಬೇಕು. ಯಾವುದು ಆದೀತು ಎಂದು ತಿಳಿಯಲು ಕುಶಲಿಗಳು ಚಿಟಿಕೆ ಮಣ್ಣನ್ನು ನಾಲಿಗೆಯ ಮೇಲಿಟ್ಟು ನೋಡುತ್ತಾರೆ. ಪ್ರವಾಸಿಗಳು ಹೂಜಿಯ ಫೋಟೊ ತೆಗೆದುಕೊಳ್ಳುತ್ತಾರೆ. ರುಚಿಯ ಫೋಟೊ ಬರುವುದಿಲ್ಲ.

ಗಿಡದ ಉಪಯೋಗದ ವಿಷಯಕ್ಕೆ ಬಂದರೆ, ಹಳ್ಳಿವೈದ್ಯದಲ್ಲಿ ಎಲೆಯ ರಸವನ್ನು ಕಿವಿನೋವಿಗೆ ಹಿಂಡುವ ಪದ್ಧತಿ ದೇಶದ ಉದ್ದಗಲಕ್ಕೂ ಇದೆ. ರಸ ಚರ್ಮವನ್ನು ಕೆರಳಿಸುವಂಥದು. ಅರೆದು ಕಟ್ಟಿದರೆ ಬೊಬ್ಬೆ ಏಳುವುದೂ ಉಂಟು. ಕಿವಿಯ ಡಾಕ್ಟರರು ಇದನ್ನು ಕೇಳಿದರೆ ತಮ್ಮ ಕಿವಿ ಮುಚ್ಚಿಕೊಳ್ಳುತ್ತಾರೆ. ಹೊಟ್ಟೆಹುಳಕ್ಕೆ, ಹೊಟ್ಟೆಯುಬ್ಬರಕ್ಕೆ ಬೀಜದ ಪುಡಿ ಕೊಡುತ್ತಿದ್ದರು. ಬೀಜದಿಂದ ಕ್ಲಿಯೋಮಿಸ್ಕೋಸಿನ್ ಎಂಬ ಸಂಯುಕ್ತಗಳನ್ನು ಬೇರ್ಪಡಿಸಿ ಯಕೃತ್ತಿನ ರಕ್ಷಣೆಗೆ ಆಗುತ್ತವೆಯೇ ಎಂದು ಪರೀಕ್ಷಿಸಿದ್ದಾರೆ. ಗುಳಿಗೆಯಾಗಿ ಅಂಗಡಿಗೆ ಬಂದಿಲ್ಲ.

ಅಡುಗೆಯ ಉಪಯೋಗವೇ ಹೆಚ್ಚು ಸ್ವಾರಸ್ಯದ್ದು, ಅದು ಬೀದರದಿಂದ ಬಹಳ ದೂರ. ಉತ್ತರಾಖಂಡದ ಗಢವಾಲ್ ಬೆಟ್ಟಗಳಲ್ಲಿ ಈ ಬೀಜಕ್ಕೆ ಜಖಿಯಾ ಎನ್ನುತ್ತಾರೆ. ಅಲ್ಲಿನ ಒಗ್ಗರಣೆಗೆ ಅದು ಜೀರಿಗೆ ಸಾಸಿವೆಗಿಂತ ಮೇಲು. ಕಾಯಿ ಹಳದಿಗೆ ತಿರುಗಿ, ತುದಿ ಬಾಯಿ ಬಿಡುವ ಮೊದಲೇ ಗಿಡ ಕೊಯ್ದು, ಬಟ್ಟೆಯ ಮೇಲೆ ಒಣಗಿಸಿ, ಬಡಿದು, ಸಣ್ಣ ಜರಡಿಯಲ್ಲಿ ಹಿಡಿಯುತ್ತಾರೆ. ಕಾದ ಎಣ್ಣೆಗೆ ಒಂದು ಚಮಚ ಹಾಕಿದರೆ ಚಟಪಟ ಎನ್ನುತ್ತದೆ. ಆಲೂಗಡ್ಡೆ ಪಲ್ಯಕ್ಕೋ ಕೆಸುವಿನ ಗಡ್ಡೆಗೋ ಬೆರೆತು, ತಿನ್ನುವಾಗ ಹಲ್ಲಿಗೆ ಕರುಕುರು ಸಿಗುತ್ತದೆ. ಸಾಸಿವೆಯ ಕಾಳು ಬೆಂದಮೇಲೆ ಮೆತ್ತಗಾಗುತ್ತದೆ, ಜಖಿಯಾ ಆಗುವುದಿಲ್ಲ. ಬೆಟ್ಟ ಬಿಟ್ಟು ನಗರಗಳಿಗೆ ಹೋದ ಗಢವಾಲಿಗಳು ಊರಿನಿಂದ ಹೊರಡುವಾಗ ಇದರ ಗಂಟು ಕಟ್ಟಿಕೊಳ್ಳುತ್ತಾರೆ. ಈಚೆಗೆ ಅದು ಚಂದದ ಪೊಟ್ಟಣದಲ್ಲಿ, ಹಿಮಾಲಯದ ಚಿತ್ರ ಹೊತ್ತು, ಆನ್‌ಲೈನಿನಲ್ಲೂ ಮಾರಾಟಕ್ಕಿದೆ; ಗ್ರಾಮಿನ ಲೆಕ್ಕದಲ್ಲಿ ಸಾಸಿವೆಗಿಂತ ಎಷ್ಟೋ ದುಬಾರಿ. ಔರಾದ ಪೇಟೆಯ ಪಿನ್‌ಕೋಡ್ ಒತ್ತಿದರೆ ಅಲ್ಲಿಗೂ ತಲುಪಿಸುತ್ತಾರೆ.